ಅಂಗಡಿ ಮುಚ್ಚಿಸೋ ಅಧಿಕಾರ ಯಾರಿಗೆ? ರಾಜ್ಯಪಾಲರಿಗಾ, ಡಿಸಿಗಾ?

ಶಾಂತಿಗ್ರಾಮ: ಗೊರೂರು ಡ್ಯಾಂ ನೀರು 2922 ಅಡಿ ಹತ್ತಿರ ಬಂತು ಅಂದರೆ ಹೊಳೆನರಸೀಪುರದ ಹೊಳೆ ದಡದವರಿಗೆ ನಿದ್ದೆ ಇರಲ್ಲ. ಕಾವೇರಿ ಉಕ್ಕಿದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಅದೇ ಕಥೆ. 2024ರ ಜುಲೈನಲ್ಲಿ ಸಕಲೇಶಪುರದ ದೋಣಿಗಾಲ್ ಹತ್ತಿರ ಗುಡ್ಡ ಕುಸಿದಾಗ ನಮ್ಮ ಟೋಲ್ ದಾಟಿ ಮಂಗಳೂರಿಗೆ ಹೋಗಬೇಕಾದ ಲಾರಿಗಳು ಎಲ್ಲೆಲ್ಲೋ ನಿಂತವು. ಇಂಥ ಹೊತ್ತಲ್ಲಿ ಜೀಪಿನವರು ಬಂದು ಹೇಳೋದು ಒಂದೇ ಮಾತು, 'ಮೇಲಿಂದ ಆರ್ಡರ್ ಬಂದಿದೆ'. ಈ 'ಮೇಲೆ' ಅಂದ್ರೆ ಯಾರು?

ತುಂಬಾ ಜನ ರಾಜ್ಯಪಾಲರು ಅಂದ್ಕೊಂಡಿದ್ದಾರೆ. ಅದಕ್ಕೆ ಕಾರಣವೂ ಇದೆ. ಸರ್ಕಾರಿ ಆದೇಶದ ಕೊನೆಯಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅಂತ ಇರುತ್ತೆ. ಆದರೆ ಅದರ ಕೆಳಗೆ ಸಹಿ ಹಾಕೋದು ಇಲಾಖೆಯ ಅಧಿಕಾರಿ. ಸಂವಿಧಾನದ 154ನೇ ವಿಧಿ ಪ್ರಕಾರ ರಾಜ್ಯದ ಕಾರ್ಯಾಂಗದ ಅಧಿಕಾರ ರಾಜ್ಯಪಾಲರದ್ದು, 166ನೇ ವಿಧಿ ಪ್ರಕಾರ ಆದೇಶ ಅವರ ಹೆಸರಲ್ಲೇ ಹೊರಡಬೇಕು. ಆದರೆ 163ನೇ ವಿಧಿ ಪ್ರಕಾರ ಅವರು ನಡೆಯಬೇಕಾದ್ದು ಮಂತ್ರಿಮಂಡಲದ ಸಲಹೆಯಂತೆ. ಹೆಸರು ರಾಜಭವನದ್ದು, ತೀರ್ಮಾನ ವಿಧಾನಸೌಧದ್ದು.

ಅಮೆರಿಕದಲ್ಲಿ ಗವರ್ನರ್ ಅಂದರೆ ಜನ ಓಟು ಹಾಕಿ ಆರಿಸಿದ ಆಡಳಿತಗಾರ. ಅಲ್ಲಿ ಚಂಡಮಾರುತ ಬಂದರೆ ತುರ್ತುಸ್ಥಿತಿ ಘೋಷಿಸಿ, ನ್ಯಾಷನಲ್ ಗಾರ್ಡ್ ಕರೆಸೋದು ಅವರೇ. ಇಂಗ್ಲಿಷ್ ಸಿನಿಮಾ, ಯೂಟ್ಯೂಬ್ ನೋಡಿ ನಮ್ಮಲ್ಲೂ ಹಾಗೇ ಅಂದ್ಕೊಂಡರೆ ಲೆಕ್ಕ ತಪ್ಪುತ್ತೆ. ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಿಸುವವರು ರಾಷ್ಟ್ರಪತಿ, ಅದೂ ಕೇಂದ್ರ ಸಂಪುಟ ಲಿಖಿತವಾಗಿ ಹೇಳಿದ ಮೇಲೆ. ನೆರೆ, ಭೂಕುಸಿತಕ್ಕೆ ಅದನ್ನು ಬಳಸೋ ಹಾಗಿಲ್ಲ.

ಹಾಗಂತ ರಾಜ್ಯಪಾಲರಿಗೆ ಕೆಲಸವೇ ಇಲ್ಲ ಅಂತಲ್ಲ. ಕೊರೊನಾ ಸಮಯ ನೆನಪು ಮಾಡಿಕೊಳ್ಳಿ. ವಿಧಾನಮಂಡಲ ಸೇರೋ ಸ್ಥಿತಿ ಇರಲಿಲ್ಲ, ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿ ಮೇಲೆ ಗಲಾಟೆ ಆಗಿತ್ತು. 2020ರ ಏಪ್ರಿಲ್‌ನಲ್ಲಿ ಆಗಿನ ರಾಜ್ಯಪಾಲ ವಜುಭಾಯಿ ವಾಲಾ ಅವರು 213ನೇ ವಿಧಿಯಡಿ ಕರ್ನಾಟಕ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ಹೊರಡಿಸಿದರು. ಆಮೇಲೆ ಅದು ಕಾಯ್ದೆಯೇ ಆಯಿತು. ಇದೂ ಸಂಪುಟ ಕಳಿಸಿದ ಕಾಗದವೇ, ಅವರು ಸ್ವಂತಕ್ಕೆ ಬರೆದದ್ದಲ್ಲ. ಸದನ ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಸುಗ್ರೀವಾಜ್ಞೆ ಬಿದ್ದುಹೋಗುತ್ತೆ. ರಾಜ್ಯಪಾಲರು ನಿಜಕ್ಕೂ ಆಡಳಿತ ನಡೆಸೋದು ರಾಷ್ಟ್ರಪತಿ ಆಳ್ವಿಕೆ ಇದ್ದಾಗ. ನಮ್ಮ ರಾಜ್ಯದಲ್ಲಿ ಕೊನೆಯದಾಗಿ ಹಾಗಾದದ್ದು 2007ರ ನವೆಂಬರ್‌ನಿಂದ 2008ರ ಮೇ ವರೆಗೆ, ರಾಮೇಶ್ವರ ಠಾಕೂರ್ ಅವರ ಕಾಲದಲ್ಲಿ.

ಹಾಗಾದರೆ ನಮ್ಮೂರಲ್ಲಿ ಯಾರ ಮಾತು ನಡೆಯುತ್ತೆ?

ಡಿಸಿ ಅವರದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ. ಸಹ ಅಧ್ಯಕ್ಷ ಸ್ಥಾನ ಜಿಲ್ಲಾ ಪಂಚಾಯಿತಿ ಅಧ್ಯಕ್ಷರಿಗೆ. (ಚುನಾವಣೆಯೇ ಆಗದೆ ಆ ಕುರ್ಚಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದರ ಬಗ್ಗೆ ಯಾರೂ ಬಾಯಿ ಬಿಡಲ್ಲ.) ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ರಸ್ತೆ ಬಂದ್ ಮಾಡೋದು, ಅಪಾಯದ ಜಾಗಕ್ಕೆ ಜನ ಹೋಗದಂತೆ ತಡೆಯೋದು, ಅಲ್ಲಿರುವವರನ್ನು ಹೊರಗೆ ಕಳಿಸೋದು ಎಲ್ಲ ಬರುತ್ತೆ. ಸಕಾರಣ ಇಲ್ಲದೆ ಪಾಲಿಸದಿದ್ದರೆ 51ನೇ ಸೆಕ್ಷನ್: ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅದರಿಂದ ಪ್ರಾಣಹಾನಿ ಆದರೆ ಎರಡು ವರ್ಷದವರೆಗೆ. 'ಡ್ಯಾಂ ಒಡೆದಿದೆ' ಅಂತ ಸುಳ್ಳು ಮೆಸೇಜ್ ಹರಿಬಿಟ್ಟು ಜನರನ್ನು ಹೆದರಿಸಿದರೂ 54ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಇದೆ. ಫಾರ್ವರ್ಡ್ ಮಾಡೋ ಮುಂಚೆ 1077ಕ್ಕೆ ಒಂದು ಫೋನ್ ಮಾಡಿ ಕೇಳೋದು ಒಳ್ಳೇದು.

ಇದಲ್ಲದೆ ನಿಷೇಧಾಜ್ಞೆ ಬೇರೆ. ಎಲ್ಲರೂ ಈಗಲೂ '144' ಅಂತಾರೆ, ಆದರೆ 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಇರೋ ಹಾಗಿಲ್ಲ.

ಅಂಗಡಿಯವರು, ಛತ್ರದವರು, ಟ್ರ್ಯಾಕ್ಟರ್ ಇಟ್ಟವರು ಗಮನಿಸಬೇಕಾದ್ದು 65 ಮತ್ತು 66ನೇ ಸೆಕ್ಷನ್. ಕಟ್ಟಡ, ವಾಹನ, ಸಾಮಾನು ಬೇಕು ಅಂದರೆ ಪ್ರಾಧಿಕಾರ ವಶಕ್ಕೆ ತಗೋಬಹುದು, ಆದರೆ ಬರವಣಿಗೆಯಲ್ಲಿ ಆದೇಶ ಕೊಡಬೇಕು. ಬರೀ ಬಾಯಿಮಾತಿಗೆ ಸುಮ್ಮನಾಗಬೇಡಿ, ಪ್ರತಿ ಕೇಳಿ ಇಟ್ಟುಕೊಳ್ಳಿ. ಕಟ್ಟಡಕ್ಕೆ ಆ ಊರಿನ ಬಾಡಿಗೆ ಲೆಕ್ಕದಲ್ಲಿ ಪರಿಹಾರ, ವಾಹನಕ್ಕೆ ಅಲ್ಲಿ ನಡೆಯೋ ಬಾಡಿಗೆ ದರದ ಮೇಲೆ. ವ್ಯಾಪಾರದ ಜಾಗ ಬದಲಿಸಬೇಕಾಗಿ ಬಂದರೆ ಅದರ ಸಮಂಜಸ ಖರ್ಚೂ ಸೇರುತ್ತೆ. ಕೊಟ್ಟ ಮೊತ್ತ ಸಾಲದು ಅನ್ನಿಸಿದರೆ 30 ದಿನದೊಳಗೆ ಮಧ್ಯಸ್ಥಗಾರರಿಗೆ ಒಪ್ಪಿಸಿ ಅಂತ ಅರ್ಜಿ ಹಾಕಬೇಕು. ತಡ ಮಾಡಿದರೆ ನಷ್ಟ ನಮಗೇ.

ಇನ್ನೊಂದು ಕಹಿ ವಿಷಯ. ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಮನೆ, ಬೆಳೆ, ಜಾನುವಾರು, ಕೈಕಸುಬಿನವರ ಉಪಕರಣಕ್ಕೆ ದರ ನಿಗದಿ ಇದೆ. ಅಂಗಡಿಯೊಳಗೆ ನೆನೆದುಹೋದ ಸರಕಿಗೆ ಇಲ್ಲ. ಸರ್ಕಾರ ಬೇರೆಯಾಗಿ ಘೋಷಿಸಿದರೆ ಉಂಟು, ಇಲ್ಲದಿದ್ದರೆ ವಿಮೆಯೇ ಗತಿ. ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ಬೆಂಕಿ ಜೊತೆ ಪ್ರವಾಹವೂ ಇದೆಯಾ ಅಂತ ಓದಿ ನೋಡಿ.

ಸೈರನ್ ವಿಚಾರ: 2025ರ ಮೇ 7ರಂದು ದೇಶಾದ್ಯಂತ ನಡೆದ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಯನ್ನು ಟಿವಿಯಲ್ಲಿ ನೋಡಿರ್ತೀರಿ. ಅದಕ್ಕೆ ಆಧಾರ 1968ರ ನಾಗರಿಕ ರಕ್ಷಣಾ ಕಾಯ್ದೆ. ಮೊದಲು ಅದು ಯುದ್ಧಕಾಲಕ್ಕೆ ಮಾತ್ರ ಇತ್ತು, ನಂತರದ ತಿದ್ದುಪಡಿಯಲ್ಲಿ ವಿಪತ್ತು ನಿರ್ವಹಣೆಯೂ ಸೇರಿತು. ಅಲ್ಲಿ ಕಂಟ್ರೋಲರ್ ಆಗಿ ನೇಮಕ ಆಗೋರು ಜಿಲ್ಲಾ ಮ್ಯಾಜಿಸ್ಟ್ರೇಟ್ ದರ್ಜೆಗಿಂತ ಕಡಿಮೆ ಇರುವಂತಿಲ್ಲ. ಅಂದರೆ ಅಲ್ಲೂ ಕೊನೆಗೆ ಕಾಣೋದು ಡಿಸಿ ದರ್ಜೆಯ ಅಧಿಕಾರಿಯೇ. ಈ ಕಾಯ್ದೆಯಡಿ ಬಂದ ನಿರ್ದೇಶನ ಪಾಲಿಸೋಕೆ ಬೇಕಾದ ಹಣವನ್ನು ಸ್ಥಳೀಯ ಸಂಸ್ಥೆಯ ನಿಧಿಯಿಂದ ಬೇರೆ ಖರ್ಚಿಗಿಂತ ಮೊದಲು ಕೊಡಬೇಕು ಅಂತ 11ನೇ ಸೆಕ್ಷನ್ ಹೇಳುತ್ತೆ. ನಮ್ಮ ಪಂಚಾಯಿತಿಯವರು ಅದನ್ನು ಒಮ್ಮೆ ಓದಿಟ್ಟುಕೊಂಡರೆ ಸೈರನ್ ಖರೀದಿಗೆ ದುಡ್ಡಿಲ್ಲ ಅನ್ನೋ ಮಾತು ಬರಲ್ಲ.