ಕಡಲ ಗಾಳಿಯ ಕರೆಂಟು ದಡ ಸೇರುವುದು ಹೇಗೆ?

ವಿಶಾಖಪಟ್ಟಣ: ಹುಡ್‌ಹುಡ್ ಚಂಡಮಾರುತ 2014ರ ಅಕ್ಟೋಬರ್ 12ರಂದು ಅಪ್ಪಳಿಸಿದಾಗ ಎಂವಿಪಿ ಕಾಲೋನಿಯ ಕನ್ನಡಿಗರೂ ಕಡಲ ಗಾಳಿಯ ಬಲ ಕಂಡರು. ಕಡಲ ಗಾಳಿಯಿಂದ ವಿದ್ಯುತ್ ಪಡೆಯಲು ಕೇಂದ್ರ ಸರ್ಕಾರ 2024ರಲ್ಲಿ ಗುಜರಾತ್, ತಮಿಳುನಾಡು ಕರಾವಳಿಗೆ 7,453 ಕೋಟಿ ರೂ. ಯೋಜನೆಗೆ ಒಪ್ಪಿಗೆ ನೀಡಿತು.

ಕರೆಂಟನ್ನು ದಡಕ್ಕೆ ತರುವುದೇ ದೊಡ್ಡ ಸವಾಲು. ಸಮುದ್ರದಡಿಯ ಕೇಬಲ್‌ನಲ್ಲಿ ಎಸಿ ಹರಿಸಿದರೆ, ಉದ್ದ ಹೆಚ್ಚಿದಂತೆ ಕೇಬಲ್ಲನ್ನು ಚಾರ್ಜ್ ಮಾಡಲೆಂದೇ ಸಾಮರ್ಥ್ಯದ ದೊಡ್ಡ ಪಾಲು ಹೋಗುತ್ತದೆ. ದೂರ ಬಹಳವಾದರೆ ಕಡಲಲ್ಲೇ ಡಿಸಿಗೆ ಬದಲಿಸಿ, ದಡದಲ್ಲಿ ಮತ್ತೆ ಎಸಿ ಮಾಡಬೇಕು.

ಈ ವಿದ್ಯೆ ವಿಶಾಖಕ್ಕೆ ಹೊಸದಲ್ಲ. ಗಾಜುವಾಕದ ಪವರ್‌ಗ್ರಿಡ್ ಕೇಂದ್ರ 1999ರಿಂದ ಪೂರ್ವ, ದಕ್ಷಿಣ ಗ್ರಿಡ್‌ಗಳನ್ನು ಹೀಗೆಯೇ ಬೆಸೆದಿದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೂ 2003ರಿಂದ ಡಿಸಿ ಮಾರ್ಗವಿದೆ.

ಆದರೆ ಅವು ನೆಲದ ಮೇಲಿವೆ. ಕೆಟ್ಟರೆ ಜೀಪಿನಲ್ಲಿ ಹೋಗಬಹುದು. ಕಡಲ ಕೇಬಲ್ ತುಂಡಾದರೆ ಹಡಗು ಬರಬೇಕು, ಸಮುದ್ರ ಶಾಂತವಾಗಬೇಕು. ಅಲ್ಲಿಯವರೆಗೆ ಗಾಳಿ ಎಷ್ಟು ಬೀಸಿದರೂ ಕರೆಂಟು ದಡ ಸೇರದು.