ಇಡಿಗಂಟೋ, ತಿಂಗಳ ಕಂತೋ?

ಸಂಬಳದಲ್ಲಿ ಉಳಿದ ಐದು ಸಾವಿರವನ್ನು ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅವರಿಗೆ ಹಣ ಬರುವುದೂ ಕಂತಿನಲ್ಲಿ, ಹೋಗುವುದೂ ಕಂತಿನಲ್ಲಿ. ತಲೆಬಿಸಿಯೆಲ್ಲ ಸೈಟು ಮಾರಿದ್ದೋ ಗ್ರಾಚ್ಯುಯಿಟಿಯೋ ಒಮ್ಮೆಗೇ ಕೈಸೇರಿದವರಿಗೆ. ಷೇರು ಫಂಡಿಗೆ ಅಷ್ಟನ್ನೂ ಇವತ್ತೇ ಹಾಕಬೇಕೋ, ಹಂಚಿ ಹಾಕಬೇಕೋ?

ಹಂಚಿ ಹಾಕಿ ಎನ್ನುವವರು ಮೊದಲು ತೋರಿಸುವುದು ಒಂದು ಲೆಕ್ಕ. ತಿಂಗಳಿಗೆ 1,000 ರೂಪಾಯಿಯಂತೆ ಮೂರು ತಿಂಗಳು ಹಾಕಿದಿರಿ ಎನ್ನಿ. ಯೂನಿಟ್ ಬೆಲೆ 20 ಇದ್ದದ್ದು 10ಕ್ಕಿಳಿದು ಮತ್ತೆ 20 ಆಯಿತು. ಸಿಕ್ಕ ಯೂನಿಟ್‌ಗಳು 50, 100, 50, ಒಟ್ಟು 200. ಮೂರು ಬೆಲೆಗಳ ಸರಾಸರಿ 16.67, ನಿಮಗೆ ಬಿದ್ದದ್ದು 15. ಅಗ್ಗವಾದಾಗ ಅದೇ ದುಡ್ಡಿಗೆ ಹೆಚ್ಚು ಯೂನಿಟ್ ಬರುತ್ತದಲ್ಲ, ಅದರ ಫಲ. ನಿಮಗೆ ಬಿದ್ದ ಈ 15ನ್ನು ಗಣಿತದವರು ಹಾರ್ಮೋನಿಕ್ ಸರಾಸರಿ ಎನ್ನುತ್ತಾರೆ. ಬೆಲೆ ಏರಿಳಿಯುತ್ತಿದ್ದರೆ ಅದು ಮಾಮೂಲಿ ಸರಾಸರಿಗಿಂತ ಕಡಿಮೆಯೇ.

ಈಗ ಬೆಲೆ 10, 12, 15 ಎಂದು ಏರಿತು ಎನ್ನಿ. ಸರಾಸರಿ ಬೆಲೆ 12.33, ಕಂತಿನವರಿಗೆ ಬಿದ್ದದ್ದು 12. ಇಲ್ಲೂ ಗೆದ್ದಂತೆಯೇ ಕಾಣುತ್ತದೆ! ಆದರೆ ಮೊದಲ ದಿನವೇ 3,000 ಹಾಕಿದವರು 10ರ ಬೆಲೆಗೆ 300 ಯೂನಿಟ್ ಕೊಂಡರು. ಕಂತಿನವರ ಬಳಿ ಇರುವುದು 250. ಸರಾಸರಿಗಿಂತ ಅಗ್ಗವಾಗಿ ಕೊಳ್ಳುವುದೇ ಬೇರೆ, ಲಾಭವೇ ಬೇರೆ. ಫಂಡ್ ಮಾರುವವರ ಚಿತ್ರಪಟಗಳಲ್ಲಿ ಬೆಲೆ ಮೊದಲು ಬಿದ್ದು ಆಮೇಲೆ ಏಳುವ ಉದಾಹರಣೆಯೇ ಯಾಕಿರುತ್ತದೆ ಎಂದು ಈಗ ಗೊತ್ತಾಗಿರಬೇಕು.

ಷೇರುಪೇಟೆ ದೀರ್ಘಕಾಲದಲ್ಲಿ ಬಿದ್ದದ್ದಕ್ಕಿಂತ ಏರಿದ್ದೇ ಹೆಚ್ಚು. ಹಾಗಾಗಿ ಕಾಯುವ ಹಣಕ್ಕೆ ಸಾಮಾನ್ಯವಾಗಿ ನಷ್ಟ. ಅಮೆರಿಕದ ವ್ಯಾನ್‌ಗಾರ್ಡ್ ಸಂಸ್ಥೆ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಹಳೆಯ ಅಂಕಿಅಂಶ ಜಾಲಾಡಿದಾಗ, ಮೂರರಲ್ಲಿ ಸುಮಾರು ಎರಡು ಸಲ ಇಡಿಗಂಟೇ ಮುಂದಿತ್ತು. ಕಂತಿನ ಹೂಡಿಕೆ ತರ್ಕಕ್ಕೆ ನಿಲ್ಲುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಕಾನ್‌ಸ್ಟಾಂಟಿನಿಡೀಸ್ 1979ರಲ್ಲೇ ವಾದಿಸಿದ್ದರು.

ಉಳಿದ ಮೂರನೇ ಒಂದು ಪಾಲಿನ ಕಥೆ? 2008ರ ಜನವರಿ 8ರಂದು ಸೆನ್ಸೆಕ್ಸ್ ಮುಗಿದದ್ದು 20,873ಕ್ಕೆ. 2009ರ ಮಾರ್ಚ್ 9ಕ್ಕೆ ಅದು 8,160. ಸೂಚ್ಯಂಕದ ಲೆಕ್ಕದಲ್ಲಿ 10 ಲಕ್ಷ, 4 ಲಕ್ಷಕ್ಕೂ ಕೆಳಗೆ. ಅಲುಗಾಡದೆ ಕೂತವರಿಗೆ 2010ರ ನವೆಂಬರ್ ಹೊತ್ತಿಗೆ ಅಸಲು ಮರಳಿತು, ನಿಜ. ಆದರೆ ಹೊಸಬರು ಕೂರುತ್ತಾರೆಯೇ? ಕಾನ್‌ಸ್ಟಾಂಟಿನಿಡೀಸ್ ಬರೆದ ಅದೇ 1979ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮೊಸ್ ಟ್ವರ್ಸ್ಕಿ, ಗಳಿಕೆಯ ಖುಷಿಗಿಂತ ಅಷ್ಟೇ ಮೊತ್ತದ ನಷ್ಟದ ಸಂಕಟ ಹೆಚ್ಚು ಎಂದು ತೋರಿಸಿದರು; ಅವರ ಮುಂದಿನ ಅಂದಾಜಿನಲ್ಲಿ ಅದು ಸುಮಾರು ಎರಡು ಪಟ್ಟು. ಆ ಸಂಕಟದಲ್ಲಿ ತಳದಲ್ಲೇ ಮಾರಿ ಓಡುವವರಿಗೆ ಸರಾಸರಿಯ ಲೆಕ್ಕ ಏನೂ ಮಾಡದು. ಕಂತು ಕೊಡುವುದು ಹೆಚ್ಚಿನ ಲಾಭವನ್ನಲ್ಲ, ಧೈರ್ಯವನ್ನು. ಅದಕ್ಕೊಂದು ಸಣ್ಣ ಬೆಲೆ ತೆರುವುದು ತಪ್ಪಲ್ಲ.

ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಇಷ್ಟು. ಸಾಲ ತೀರಿಸಿ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿಡಿ. ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿನತ್ತ ಒಯ್ಯಲೇಬೇಡಿ. ಉಳಿದದ್ದು ನಿಮ್ಮ ಮಟ್ಟಿಗೆ ದೊಡ್ಡ ಮೊತ್ತವಾದರೆ ಅಲ್ಪಾವಧಿ ಸಾಲಪತ್ರಗಳ ಲಿಕ್ವಿಡ್ ಫಂಡಿನಲ್ಲಿಟ್ಟು, ಎಸ್‌ಟಿಪಿ (ಒಂದು ಫಂಡಿನಿಂದ ಇನ್ನೊಂದಕ್ಕೆ ಕಂತಿನಲ್ಲಿ ಹಣ ದಾಟಿಸುವ ವ್ಯವಸ್ಥೆ) ಮೂಲಕ ಆರರಿಂದ ಹನ್ನೆರಡು ಕಂತುಗಳಲ್ಲಿ ಷೇರು ಫಂಡಿಗೆ ದಾಟಿಸಿ. ಕೊನೆಯ ಕಂತಾದ ಮೇಲೆ ನಿಮ್ಮ ಹಣ ಇಡಿಗಂಟಿನವರ ಹಣದಷ್ಟೇ ಅಪಾಯದಲ್ಲಿರುತ್ತದೆ ಎಂಬುದೂ ನೆನಪಿರಲಿ. ಪೇಟೆ ಬಿದ್ದಾಗ ಕಂತು ನಿಲ್ಲಿಸುವ ಯೋಚನೆಯಿದ್ದರೆ ಮಾತ್ರ ಶುರು ಮಾಡುವುದೇ ಬೇಡ.