ನೆರೆಹೊರೆಯ ಆಸ್ಪತ್ರೆಗಳು ಇಟ್ಟ ಲೆಕ್ಕ

ಒಂದೇ ಸೀಮೆಯ ಆಸ್ಪತ್ರೆಗಳು ಸಾಮಾನ್ಯವಾಗಿ ಒಂದಕ್ಕೊಂದು ಪ್ರತಿಸ್ಪರ್ಧಿಗಳು. ತಮ್ಮಲ್ಲಿ ಗುಣಹೊಂದಿದವರ ಸಂಖ್ಯೆಯನ್ನು ಅವು ಹೆಮ್ಮೆಯಿಂದ ಸಾರುತ್ತವೆ. ತಮ್ಮಲ್ಲಿಗೆ ಬಂದ ಮೇಲೆ ಹೊಸ ಸೋಂಕು ತಗುಲಿಸಿಕೊಂಡವರ ಸಂಖ್ಯೆಯನ್ನು ಹೇಳಲು ಹಿಂಜರಿಯುತ್ತವೆ. ಈ ಹಿಂಜರಿಕೆಯನ್ನು ನೀಗಿದರೆ ಏನಾದೀತೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ.

ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿಗೆ ಹೆಸರಾದ ನಗರ. 1997ರಲ್ಲಿ ಅಲ್ಲಿ ಆಸ್ಪತ್ರೆಗಳು, ವಿಮಾ ಸಂಸ್ಥೆಗಳು, ಉದ್ಯಮಿಗಳು ಕೂಡಿ ಚಿಕಿತ್ಸೆಯ ಗುಣವನ್ನು ಹೆಚ್ಚಿಸಲು ಒಂದು ಕೂಟವನ್ನು ಕಟ್ಟಿದರು. ಅಲ್ಕೋವಾ ಎಂಬ ಅಲ್ಯುಮಿನಿಯಂ ಕಂಪೆನಿಯ ಅಧ್ಯಕ್ಷರಾಗಿದ್ದ ಪಾಲ್ ಓನೀಲ್ ಅದರ ಸ್ಥಾಪಕರಲ್ಲೊಬ್ಬರು. ಕೆಲಸಗಾರರ ಚಿಕಿತ್ಸೆಗೆ ಹಣ ತೆರುವವರು ಅದರ ಗುಣವನ್ನೂ ವಿಚಾರಿಸುವುದು ಸಹಜವಷ್ಟೆ.

ಕೂಟವು ಕೈಗೆತ್ತಿಕೊಂಡ ಸಮಸ್ಯೆಗಳಲ್ಲಿ ರಕ್ತದ ನಂಜು ಒಂದು. ಕಡುರೋಗಿಗಳಿಗೆ ಔಷಧ ಕೊಡಲು ಹೃದಯದ ಬಳಿಯ ದೊಡ್ಡ ಅಭಿಧಮನಿಯವರೆಗೆ ನಳಿಕೆಯೊಂದನ್ನು ತೂರಿಸಿ, ದಿನಗಟ್ಟಲೆ ಹಾಗೆಯೇ ಬಿಡುವುದುಂಟು. ಚರ್ಮವು ದೇಹದ ಕೋಟೆಯಾದರೆ ನಳಿಕೆಯು ಅದರಲ್ಲಿ ಕೊರೆದ ಕಿಂಡಿ. ಅದರ ಮೂಲಕ ಸೂಕ್ಷ್ಮಜೀವಿಗಳು ರಕ್ತವನ್ನು ಸೇರಿದರೆ ಪ್ರಾಣಕ್ಕೇ ಅಪಾಯ.

ಇದನ್ನು ತಡೆಯುವ ಉಪಾಯಗಳು ಗಹನವಾದುವಲ್ಲ. ನಳಿಕೆ ಹಾಕುವವರು ಟೋಪಿ, ಮುಖವಸ್ತ್ರ, ಕ್ರಿಮಿಶುದ್ಧವಾದ ನಿಲುವಂಗಿ ಮತ್ತು ಕೈಗವಸುಗಳನ್ನು ಧರಿಸಬೇಕು. ಕ್ಲೋರ್‌ಹೆಕ್ಸಿಡೀನ್ ದ್ರವದಿಂದ ರೋಗಿಯ ಚರ್ಮವನ್ನು ಶುದ್ಧಿಮಾಡಬೇಕು. ತೊಡೆಸಂದಿನ ರಕ್ತನಾಳವನ್ನು ಆದಷ್ಟೂ ಬಳಸಬಾರದು. ಅಗತ್ಯ ತೀರಿದೊಡನೆ ನಳಿಕೆಯನ್ನು ತೆಗೆದುಬಿಡಬೇಕು. ಆದರೆ ತಿಳಿದುದನ್ನು ಪ್ರತಿಸಲವೂ ತಪ್ಪದೆ ಆಚರಿಸುವುದು ಬೇರೆಯೇ ಮಾತು.

ಇಲ್ಲಿಯೇ ಕೂಟದ ಉಪಯೋಗ ನಮಗೆ ಕಾಣುವುದು. ಎಲ್ಲರೂ ಒಂದೇ ಅಳತೆಗೋಲನ್ನು ಒಪ್ಪಿದರು. ಹತ್ತು ರೋಗಿಗಳಿಗೆ ಐದೈದು ದಿನ ನಳಿಕೆಯಿದ್ದರೆ ಅದು 50 ನಳಿಕೆ-ದಿನ; ಇಂಥ 1000 ದಿನಗಳಿಗೆ ಎಷ್ಟು ಸೋಂಕು ಎಂಬುದೇ ಲೆಕ್ಕ. ಆಸ್ಪತ್ರೆ ದೊಡ್ಡದಾಗಲಿ ಚಿಕ್ಕದಾಗಲಿ ಹೋಲಿಕೆ ನ್ಯಾಯವಾಗಿರುತ್ತದೆ. ಹೆಸರು ಬಯಲಾಗದಂತೆ ಲೆಕ್ಕಗಳನ್ನು ಒಟ್ಟುಗೂಡಿಸಿ, ಆಯಾ ವಿಭಾಗಕ್ಕೆ ಅದರ ಸ್ಥಿತಿಯನ್ನು ತಿಳಿಸಲಾಗುತ್ತಿತ್ತು.

2001ರ ಏಪ್ರಿಲಿನಿಂದ 2005ರ ಮಾರ್ಚಿಯವರೆಗೆ ನೈಋತ್ಯ ಪೆನ್ಸಿಲ್ವೇನಿಯದ 32 ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಈ ಪ್ರಮಾಣವು 4.31ರಿಂದ 1.36ಕ್ಕೆ, ಎಂದರೆ ಶೇಕಡ 68ರಷ್ಟು, ಇಳಿಯಿತು. ಕೂಟದ ಹೊರಗಿನ ಆಸ್ಪತ್ರೆಗಳೊಡನೆ ಹೋಲಿಸಿ ನಡೆಸಿದ ಪ್ರಯೋಗ ಇದಲ್ಲವಾದುದರಿಂದ, ಇಳಿಕೆಗೆ ಕೂಟವೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೂ ಒಂದು ಮಾತು ಸ್ಪಷ್ಟ. ರೋಗಿಗೆ ತಗುಲಿದ ನಂಜನ್ನು ವಿಧಿಯೆಂದು ಬಗೆದವರು ಅದನ್ನು ಎಣಿಸುವುದಿಲ್ಲ. ಎಣಿಸತೊಡಗಿದವರಿಗೆ ಅದು ವಿಧಿಯಾಗಿ ಉಳಿಯುವುದಿಲ್ಲ.